ಕಿವಿಗೆ ಬಿದ್ದದ್ದು, ಕಿವಿಗೆ ಹಾಕಿಕೊಂಡದ್ದು

ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹತ್ತುವ ಕನ್ನಡಿಗರನ್ನು ಕೇಳಿ ನೋಡಿ. ಡಬ್ಬಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಮೂಲೆಯಲ್ಲಿ ಭಜನೆಯ ತಾಳ, ಇನ್ನೊಂದು ಕಡೆ ಸೀಟಿಗಾಗಿ ಮರಾಠಿಯಲ್ಲಿ ಜಗಳ, ಪಕ್ಕದಲ್ಲಿ ಗುಜರಾತಿಯಲ್ಲಿ ಷೇರು ಮಾರುಕಟ್ಟೆಯ ಮಾತು, ಬಾಗಿಲ ಬಳಿ ಹಿಂದಿಯಲ್ಲಿ ಫೋನು. ನೀವು ಮೊಬೈಲಿನಲ್ಲಿ ಕಣ್ಣು ನೆಟ್ಟು ನಿಂತಿದ್ದೀರಿ, ಯಾರ ಮಾತೂ ನಿಮಗೆ ಬೇಕಿಲ್ಲ. ಅಷ್ಟರಲ್ಲಿ ನಾಲ್ಕು ತಲೆಗಳ ಆಚೆ ಯಾರೋ ಮೆಲ್ಲಗೆ ಫೋನಿನಲ್ಲಿ, ‘ಊರಾಗ ಮಳಿ ಬಂತೇನವ್ವಾ?’ ಅನ್ನುತ್ತಾರೆ. ನಿಮ್ಮ ತಲೆ ತಾನಾಗಿ ಅತ್ತ ತಿರುಗುತ್ತದೆ.

ಆ ಡಬ್ಬಿಯಲ್ಲಿ ಅದೇ ಹೊತ್ತಿಗೆ ನೂರು ಮಾತು ನಡೆದಿತ್ತು. ಉಳಿದ ತೊಂಬತ್ತೊಂಬತ್ತು ಎಲ್ಲಿ ಹೋದವು? ಇದೊಂದು ಮಾತ್ರ ಒಳಗೆ ಹೇಗೆ ಬಂತು?

ಕಿವಿ ಪರೀಕ್ಷಿಸುವುದು ನನ್ನ ವೃತ್ತಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ‘ಆಯಿಷ್’ ಎಂದು ಕರೆಯುವಲ್ಲಿ, ಓದಿ ಈ ಕಡೆ ಬಂದೆ. ಮನೆ ಡೊಂಬಿವಲಿಯಲ್ಲಿ, ಕೆಲಸ ಥಾಣೆಯಲ್ಲಿ, ವಾರಕ್ಕೆರಡು ದಿನ ನವಿ ಮುಂಬಯಿಯಲ್ಲಿ. ನನ್ನ ಹತ್ತಿರ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಎರಡು ಪ್ರಶ್ನೆ ಹೊತ್ತು ತರುತ್ತಾರೆ. ಊರಿನಿಂದ ಅಪ್ಪ ಅಮ್ಮನನ್ನು ಕರೆತಂದವರು, ‘ಇವರಿಗೆ ಕಿವಿ ಕೇಳಿಸುತ್ತೋ ಇಲ್ಲವೋ ಗೊತ್ತಾಗ್ತಿಲ್ಲ’ ಎನ್ನುತ್ತಾರೆ. ಮಕ್ಕಳನ್ನು ಕರೆತಂದವರು, ‘ಮನೇಲಿ ಇಡೀ ದಿನ ಕನ್ನಡ ಕಿವಿಗೆ ಬೀಳುತ್ತೆ, ಬಾಯಲ್ಲಿ ಮಾತ್ರ ಬರಲ್ಲ, ಯಾಕೆ?’ ಎಂದು ಕೇಳುತ್ತಾರೆ. ಎರಡಕ್ಕೂ ಉತ್ತರ ಹುಡುಕಬೇಕಾದರೆ ಗಮನ ಬೇರೆಲ್ಲೋ ಇರುವಾಗ ಮಾತನ್ನು ಮೆದುಳು ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು.

ಈ ವಿಷಯದಲ್ಲಿ ನಮ್ಮ ಭಾಷೆ ಜಾಣ ಭಾಷೆ. ಮಾತು ‘ಕಿವಿಗೆ ಬೀಳುವುದು’ ಬೇರೆ, ‘ಕಿವಿಗೆ ಹಾಕಿಕೊಳ್ಳುವುದು’ ಬೇರೆ ಎಂದು ಅದು ಮೊದಲೇ ಗುರುತಿಸಿಟ್ಟಿದೆ. ಮೊದಲನೆಯದು ತಾನಾಗಿ ಆಗುತ್ತದೆ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ನಿದ್ದೆಯಲ್ಲೂ ಅದು ತೆರೆದೇ ಇರುತ್ತದೆ. ಎರಡನೆಯದನ್ನು ನಾವು ಮಾಡಬೇಕು.

ಎರಡು ಕಿವಿಗೆ ಎರಡು ಮಾತು

ಇದನ್ನು ಮೊದಲು ಅಚ್ಚುಕಟ್ಟಾಗಿ ಪರೀಕ್ಷಿಸಿದವರು ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರ್ರಿ, 1953ರಲ್ಲಿ. ಆ ಕಾಲದಲ್ಲಿ ವಿಮಾನ ಸಂಚಾರ ನಿಯಂತ್ರಕರಿಗೆ ದೊಡ್ಡ ತಲೆನೋವಿತ್ತು. ಹಲವು ಪೈಲಟ್‌ಗಳ ಮಾತು ಒಂದೇ ಧ್ವನಿವರ್ಧಕದಿಂದ ಕಲಸಿಕೊಂಡು ಬರುತ್ತಿತ್ತು. ಯಾರ ಮಾತು ಯಾವುದು ಎಂದು ಬೇರ್ಪಡಿಸಿ ಕೇಳುವುದು ಹೇಗೆ ಎಂಬ ಪ್ರಶ್ನೆಗೆ ಆಗ ಹಲವರು ಬೆನ್ನು ಹತ್ತಿದ್ದರು. ಚೆರ್ರಿ ಪರೀಕ್ಷೆಗೆ ಕೂತವರ ಕಿವಿಗೆ ಹೆಡ್‌ಫೋನ್ ಹಾಕಿ, ಎಡಗಿವಿಗೆ ಒಂದು ಮಾತು, ಬಲಗಿವಿಗೆ ಇನ್ನೊಂದು ಮಾತು ಕೇಳಿಸಿದರು. ಒಂದು ಕಿವಿಯ ಮಾತನ್ನು ಕೇಳಿದ ಹಾಗೆಯೇ ಗಟ್ಟಿಯಾಗಿ ಹೇಳುತ್ತ ಹೋಗಬೇಕು. ಮುಗಿದ ಮೇಲೆ, ಇನ್ನೊಂದು ಕಿವಿಯಲ್ಲಿ ಏನು ಕೇಳಿಸಿತು ಎಂಬ ಪ್ರಶ್ನೆ.

ಏನೂ ಇಲ್ಲವೆನ್ನುವಷ್ಟು ಕಡಿಮೆ. ಯಾರೋ ಮಾತಾಡುತ್ತಿದ್ದರು ಎಂಬುದು ಗೊತ್ತು. ಗಂಡು ದನಿ ನಡುವೆ ಹೆಣ್ಣು ದನಿಯಾದರೆ ಗೊತ್ತಾಗುತ್ತಿತ್ತು. ‘ಪೀಂ’ ಎಂಬ ಸದ್ದು ಬಂದರೂ ಗೊತ್ತಾಗುತ್ತಿತ್ತು. ಆದರೆ ಏನು ಮಾತು ಎಂದು ಕೇಳಿದರೆ ತಲೆಯಾಡಿಸುತ್ತಿದ್ದರು. ಇಂಗ್ಲಿಷಿನ ಮಾತು ನಡುವೆ ಜರ್ಮನ್‌ಗೆ ಬದಲಾದದ್ದೂ ಅವರ ಗಮನಕ್ಕೆ ಬಂದಿರಲಿಲ್ಲ.

1959ರಲ್ಲಿ ನೆವಿಲ್ ಮೊರೆ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಗಮನವಿಲ್ಲದ ಕಿವಿಗೆ ಕೆಲವೇ ಸರಳ ಪದಗಳ ಪಟ್ಟಿಯನ್ನು 35 ಸಲ ಕೇಳಿಸಿದರು. ಆಮೇಲೆ ಆ ಪದಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದು ಕೇಳಿದ ಹಾಗಿದೆ ಎಂದರೆ, ಒಂದೂ ಗುರುತು ಸಿಗಲಿಲ್ಲ. ಈ 35ರ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಮಕ್ಕಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೊರೆ ಅವರ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಅದೇ ಗಮನವಿಲ್ಲದ ಕಿವಿಗೆ ಆ ವ್ಯಕ್ತಿಯ ಹೆಸರು ಹೇಳಿದಾಗ, ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಕೇಳಿಸಿತು! 1995ರಲ್ಲಿ ಅಮೆರಿಕದಲ್ಲಿ ಹೆಚ್ಚು ಜನರ ಮೇಲೆ ಮತ್ತೆ ನಡೆಸಿದ ಪರೀಕ್ಷೆಯಲ್ಲೂ ಇದೇ ಲೆಕ್ಕ ಬಂತು. ಹೆಸರು ಕೇಳಿಸಿಕೊಂಡವರದು ಚುರುಕು ಕಿವಿ ಎಂದುಕೊಳ್ಳಬೇಡಿ. 2001ರ ಒಂದು ಅಧ್ಯಯನ ಕಂಡದ್ದು ಅದಕ್ಕೆ ತಿರುಗುಮುರುಗು. ಆ ಕ್ಷಣಕ್ಕೆ ಬೇಕಾದದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ ಇದ್ದವರಲ್ಲಿ ಶೇ 65ರಷ್ಟು ಮಂದಿಗೆ ತಮ್ಮ ಹೆಸರು ಕೇಳಿಸಿತ್ತು, ಆ ಶಕ್ತಿ ಹೆಚ್ಚಿದ್ದವರಲ್ಲಿ ಕೇವಲ ಶೇ 20 ಮಂದಿಗೆ. ಒಂದರಲ್ಲಿ ಗಟ್ಟಿಯಾಗಿ ಮುಳುಗಿದವರಿಗೆ ಹೆಸರು ಕರೆದರೂ ಕೇಳಿಸದು. ಕೆಲಸದಲ್ಲಿ ಮುಳುಗಿದವರನ್ನು ‘ಎಷ್ಟು ಕರೆದರೂ ಓ ಅನ್ನಲ್ಲ’ ಎಂದು ಬಯ್ಯುವ ಮುನ್ನ ಇದೂ ನೆನಪಿರಲಿ.

ಹೊಸ್ತಿಲು ತಗ್ಗಿದ ಮಾತುಗಳು

ಇದನ್ನೆಲ್ಲ ಹೇಗೆ ಅರ್ಥ ಮಾಡಿಕೊಳ್ಳುವುದು? ಕೇಂಬ್ರಿಡ್ಜಿನ ಡೊನಾಲ್ಡ್ ಬ್ರಾಡ್‌ಬೆಂಟ್ 1958ರಲ್ಲಿ ಒಂದು ವಿವರಣೆ ಕೊಟ್ಟಿದ್ದರು. ಮೆದುಳಿನ ಬಾಗಿಲಲ್ಲೇ ಒಂದು ಜರಡಿಯಿದೆ. ದನಿ ಯಾವ ದಿಕ್ಕಿನಿಂದ ಬಂತು, ದಪ್ಪವೋ ತೆಳುವೋ ಎಂಬಷ್ಟನ್ನೇ ನೋಡಿ, ಬೇಡದ್ದನ್ನು ಅದು ಅಲ್ಲಿಯೇ ತಡೆಯುತ್ತದೆ; ಅರ್ಥದ ಗೊಡವೆಗೆ ಹೋಗುವುದಿಲ್ಲ ಎಂದರು. ಆದರೆ ಜರಡಿಗೆ ಅರ್ಥವೇ ತಿಳಿಯದಿದ್ದರೆ ನಮ್ಮ ಹೆಸರು ಅದನ್ನು ದಾಟಿ ಬಂದದ್ದು ಹೇಗೆ?

ಈ ಗಂಟನ್ನು ಬಿಡಿಸಿದವರು ಆಗ ಆಕ್ಸ್‌ಫರ್ಡಿನಲ್ಲಿದ್ದ ಆ್ಯನ್ ಟ್ರೀಸ್‌ಮನ್. ಗಮನವಿಲ್ಲದ ಮಾತು ಪೂರ್ತಿ ನಿಲ್ಲುವುದಿಲ್ಲ, ರೇಡಿಯೊದ ದನಿ ತಗ್ಗಿಸಿದ ಹಾಗೆ ಸಣ್ಣಗಾಗಿ ಒಳಗೆ ಬರುತ್ತದೆ ಎಂದು ಅವರು 1960ರ ಸುಮಾರಿಗೆ ತೋರಿಸಿದರು. ನಮ್ಮೊಳಗೆ ಪ್ರತಿಯೊಂದು ಪದಕ್ಕೂ ಒಂದೊಂದು ಹೊಸ್ತಿಲಿದೆ. ಸಾಮಾನ್ಯ ಪದಗಳದ್ದು ಎತ್ತರ, ಸಣ್ಣಗೆ ಬಂದರೆ ದಾಟಲಾರವು. ನಮ್ಮ ಹೆಸರು, ಮಗುವಿನ ಹೆಸರು, ‘ಬೆಂಕಿ’, ‘ಹಾವು’ ಮೊದಲಾದವುಗಳದ್ದು ತಗ್ಗು. ಎಷ್ಟೇ ಕ್ಷೀಣವಾಗಿ ಬಂದರೂ ಅವು ಒಳಗೆ ಕಾಲಿಡುತ್ತವೆ. ಎರಡು ಭಾಷೆ ಬಲ್ಲವರ ಮೇಲೂ ಟ್ರೀಸ್‌ಮನ್ ಪ್ರಯೋಗ ಮಾಡಿದ್ದರು. ಒಂದು ಕಿವಿಗೆ ಇಂಗ್ಲಿಷ್, ಇನ್ನೊಂದಕ್ಕೆ ಅದರದ್ದೇ ಫ್ರೆಂಚ್ ಅನುವಾದ. ಎರಡೂ ಭಾಷೆ ಬಲ್ಲ ಹಲವರಿಗೆ, ಎರಡು ಕಿವಿಯಲ್ಲೂ ಒಂದೇ ಸಂಗತಿ ನಡೆದಿದೆ ಎಂಬುದು ಹೊಳೆದಿತ್ತು. ಅಂದರೆ ಗಮನವಿಲ್ಲದ ಮಾತಿನ ಅರ್ಥವೂ ಸ್ವಲ್ಪ ಒಳಗೆ ಹೋಗುತ್ತದೆ. ಆದರೆ ಆ ಭಾಷೆ ಮೊದಲೇ ನಮ್ಮದಾಗಿರಬೇಕು.

ಇತ್ತೀಚಿನ ವರ್ಷಗಳಲ್ಲಿ ಇದನ್ನು ಮೆದುಳಿನಲ್ಲೇ ನೋಡಲು ಸಾಧ್ಯವಾಗಿದೆ. ಕಿವಿಗೆ ಬಿದ್ದ ಎಲ್ಲ ಸದ್ದೂ ನರದ ಹಾದಿ ಹಿಡಿದು, ಕಿವಿಯ ಮೇಲ್ಭಾಗದ ನೇರಕ್ಕೆ ಮೆದುಳಿನಲ್ಲಿರುವ ಶ್ರವಣ ಕೇಂದ್ರ ತಲುಪುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನೀಮಾ ಮೆಸ್ಗರಾನಿ ಮತ್ತು ಎಡ್ವರ್ಡ್ ಚಾಂಗ್, ಮೂರ್ಛೆರೋಗದ ಶಸ್ತ್ರಚಿಕಿತ್ಸೆಗಾಗಿ ಮೆದುಳಿನ ಮೇಲೆ ವಿದ್ಯುದ್ವಾರ ಇರಿಸಿಕೊಂಡಿದ್ದ ರೋಗಿಗಳಿಗೆ ಇಬ್ಬರ ಮಾತನ್ನು ಒಟ್ಟಿಗೆ ಕೇಳಿಸಿದರು. 2012ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಇಬ್ಬರ ದನಿ ಕಿವಿಗೆ ಬಿದ್ದಿದ್ದರೂ ಶ್ರವಣ ಕೇಂದ್ರದ ಆ ಭಾಗದಲ್ಲಿ ಕಂಡ ಚಿತ್ರ ಹೆಚ್ಚುಕಡಿಮೆ ಒಬ್ಬರದ್ದೇ, ರೋಗಿ ಗಮನವಿಟ್ಟು ಕೇಳುತ್ತಿದ್ದವರದ್ದು. ಆ ಚಿತ್ರ ನೋಡಿಯೇ ಅವರು ಯಾರ ಮಾತಿಗೆ ಕಿವಿಗೊಟ್ಟಿದ್ದರು ಎಂದು ಹೇಳಬಹುದಿತ್ತು.

ನಮ್ಮ ನಾಡಿನ ಅಷ್ಟಾವಧಾನ ನೋಡಿದವರಿಗೆ ಇದು ಪರಿಚಿತವೆನಿಸಬಹುದು. ‘ಅವಧಾನ’ ಎಂದರೇ ಗಮನ. ಸಮಸ್ಯಾಪೂರಣ, ದತ್ತಪದಿ, ನಿಷೇಧಾಕ್ಷರಿ ಎಂದು ಎಂಟು ಕಡೆಯಿಂದ ಪೃಚ್ಛಕರು ಪ್ರಶ್ನೆ ಎಸೆಯುತ್ತಾರೆ. ಅವರಲ್ಲಿ ಅಪ್ರಸ್ತುತ ಪ್ರಸಂಗದವರ ಕೆಲಸವೇ ನಡುನಡುವೆ ಸಂಬಂಧವಿಲ್ಲದ ಮಾತಾಡಿ ಅವಧಾನಿಯ ಗಮನ ಕೆಡಿಸುವುದು. ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳಲ್ಲಿ ಸಭೆ ನಗುವುದು ಹೆಚ್ಚಾಗಿ ಇಲ್ಲಿಯೇ. ಗಮನಿಸಿ ನೋಡಿದರೆ ಅವಧಾನಿ ಎಂಟು ಮಾತನ್ನು ಒಟ್ಟಿಗೆ ಕೇಳುವುದಿಲ್ಲ. ಒಬ್ಬರತ್ತ ಪೂರ್ತಿ ತಿರುಗುತ್ತಾರೆ, ಉತ್ತರದ ಒಂದು ಪಾದ ಕೊಡುತ್ತಾರೆ, ಅದನ್ನು ಮನಸ್ಸಿನಲ್ಲಿಟ್ಟು ಮುಂದಿನವರತ್ತ ತಿರುಗುತ್ತಾರೆ. ಅಪ್ರಸ್ತುತಕ್ಕೆ ಉತ್ತರ ಕೊಡುವಾಗಲೂ ಅಷ್ಟೇ, ಆ ಕ್ಷಣ ಗಮನ ಅಲ್ಲಿರುತ್ತದೆ. ನಮಗೂ ಅವರಿಗೂ ಇರುವ ಅಂತರ ನೆನಪಿನಲ್ಲಿ, ಮತ್ತು ಗಮನವನ್ನು ಬೇಕಾದಾಗ ಬೇಕಾದ ಕಡೆ ತಿರುಗಿಸುವ ಅಭ್ಯಾಸದಲ್ಲಿ.

ಲೋಕಲ್ ಡಬ್ಬಿಯ ಲೆಕ್ಕ

ಹಾಗಾದರೆ ಚೆರ್ರಿ ಪ್ರಯೋಗದಲ್ಲಿ ಭಾಷೆ ಬದಲಾದದ್ದೇ ಗೊತ್ತಾಗದಿದ್ದಾಗ, ಲೋಕಲಿನಲ್ಲಿ ಕನ್ನಡ ಮಾತ್ರ ನಮ್ಮ ಕಿವಿಗೆ ತಟ್ಟುವುದೇಕೆ? ಇದಕ್ಕೆ ಮೂರು ಕಾರಣ ಹೇಳಬಹುದು. ಚೆರ್ರಿಯವರ ಮುಂದೆ ಕೂತವರಿಗೆ ಜರ್ಮನ್ ಏನೂ ಆಗಬೇಕಿರಲಿಲ್ಲ, ನಮಗೆ ಕನ್ನಡ ಹಾಗಲ್ಲ. ಅದರ ಎಷ್ಟೋ ಪದಗಳಿಗೆ ನಮ್ಮೊಳಗೆ ಹೊಸ್ತಿಲು ತಗ್ಗು. ಎರಡನೆಯದು, ಅವರು ಒಂದು ಕಿವಿಯ ಮಾತನ್ನು ಪದ ಬಿಡದೆ ಒಪ್ಪಿಸುವ ಕಠಿಣ ಕೆಲಸದಲ್ಲಿದ್ದರು. ಮುಂಗೈಯಲ್ಲಿ ರೀಲ್ಸ್ ಸರಿಸುತ್ತ ನಿಂತವರಿಗೆ ಅಂಥ ಕೆಲಸವಿಲ್ಲ. ಮಾಡುತ್ತಿರುವ ಕೆಲಸ ಹಗುರವಾಗಿದ್ದರೆ ಮಿಕ್ಕ ಗಮನ ತಾನಾಗಿ ಸುತ್ತಮುತ್ತ ಚೆಲ್ಲುತ್ತದೆ ಎಂದು ಲಂಡನ್ನಿನ ನಿಲ್ಲಿ ಲೇವಿ 1995ರಿಂದ ವಾದಿಸುತ್ತ ಬಂದಿದ್ದಾರೆ. ಮೂರನೆಯದು ಲೆಕ್ಕದ್ದು. ಕಿವಿಗೆ ತಟ್ಟಿದ ಕನ್ನಡ ನಮಗೆ ನೆನಪಿರುತ್ತದೆ. ತಟ್ಟದೆ ಹೋದ ಕನ್ನಡದ ಲೆಕ್ಕ ಯಾರ ಬಳಿಯೂ ಇಲ್ಲ.

ಫೋನಿನಲ್ಲಿ ಮಾತಾಡುವವರು ಎದುರಾಬದುರಾ ಮಾತಾಡುವವರಿಗಿಂತ ಹೆಚ್ಚು ಕಿರಿಕಿರಿ ಎನಿಸುವುದೂ ಸುಮ್ಮನೆ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ ಎಂಬರ್ಸನ್ ಮತ್ತು ಜೊತೆಗಾರರು 2010ರಲ್ಲಿ ಇದನ್ನು ಅಳೆದಿದ್ದಾರೆ. ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿದಾಗ ಕೆಲಸ ಅಷ್ಟಾಗಿ ಕೆಡಲಿಲ್ಲ, ಒಬ್ಬರ ಅರ್ಧ ಮಾತು ಮಾತ್ರ ಕೇಳಿಸಿದಾಗ ಕೆಟ್ಟಿತು. ಮೆದುಳು ಮುಂದಿನ ಮಾತನ್ನು ಊಹಿಸುತ್ತಲೇ ಇರುತ್ತದೆ. ಅರ್ಧ ಸಂಭಾಷಣೆಯಲ್ಲಿ ಊಹೆ ಕೈಕೊಡುವುದರಿಂದ ಗಮನ ಅಲ್ಲಿಗೇ ಎಳೆದುಕೊಂಡು ಹೋಗುತ್ತದೆ. ‘ಹೌದಾ? ಆಮೇಲೆ? ಅಯ್ಯೋ!’ ಎಂದು ಪಕ್ಕದವರು ಕಲ್ವಾದಿಂದ ಕೋಪರ್‌ವರೆಗೆ ಹೇಳುತ್ತಿದ್ದರೆ, ಬೇಡವೆಂದರೂ ನಾವು ಕಥೆ ಕಟ್ಟುತ್ತಿರುತ್ತೇವೆ.

ನಿದ್ದೆಯ ವಿಷಯವೂ ಹೀಗೆಯೇ. ರಾತ್ರಿಯ ಕಲ್ಯಾಣ್ ಲೋಕಲಿನಲ್ಲಿ ದಾದರ್ ದಾಟುತ್ತಲೇ ಗೊರಕೆ ಹೊಡೆದವರು ‘ಪುಢೀಲ್ ಸ್ಟೇಷನ್’ ಎಂಬ ಘೋಷಣೆಯಲ್ಲಿ ತಮ್ಮ ಊರಿನ ಹೆಸರು ಬಂದಾಗ ಕಣ್ಣು ಬಿಡುವುದನ್ನು ನೀವು ನೋಡಿರಬಹುದು. ದಿನದ ಅಭ್ಯಾಸ, ಬ್ರೇಕಿನ ಜಗ್ಗು, ಬಾಗಿಲಿನತ್ತ ಜನರ ನೂಕು ಎಲ್ಲ ಅದರಲ್ಲಿ ಸೇರಿರುತ್ತದೆ. ಜೊತೆಗೆ, ನಿದ್ದೆಯಲ್ಲೂ ತಮ್ಮ ಹೆಸರಿಗೆ ಮೆದುಳಿನ ಅಲೆಗಳು ಬೇರೆ ಹೆಸರಿಗಿಂತ ಹೆಚ್ಚಾಗಿ ಏಳುತ್ತವೆ ಎಂಬುದು 1960ರಷ್ಟು ಹಿಂದೆಯೇ ಗೊತ್ತಾಗಿತ್ತು. ಪ್ಯಾರಿಸ್ಸಿನ ಸಿದ್ ಕೂಯಿದೆ ಅವರ ತಂಡ 2014ರಲ್ಲಿ ಇನ್ನೂ ಮುಂದೆ ಹೋಯಿತು. ಎಚ್ಚರವಿದ್ದಾಗ ಪ್ರಾಣಿಯ ಹೆಸರಿಗೆ ಒಂದು ಕೈಯ ಗುಂಡಿ, ವಸ್ತುವಿನ ಹೆಸರಿಗೆ ಇನ್ನೊಂದು ಕೈಯ ಗುಂಡಿ ಒತ್ತುತ್ತಿದ್ದವರು ನಿದ್ದೆ ಹೋದ ಮೇಲೂ, ಪದಗಳನ್ನು ಕೇಳಿಸಿದರೆ ಮೆದುಳು ಆಯಾ ಕೈಯನ್ನು ಅಣಿಗೊಳಿಸುತ್ತಿತ್ತು. ಎದ್ದ ಮೇಲೆ ಆ ಪದಗಳ ನೆನಪು ಅವರಿಗಿರಲಿಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ. ಹೊಸ್ತಿಲು ತಗ್ಗಿದ ಮಾತು ಒಳಗೆ ಬರಬೇಕಾದರೂ ಮೊದಲು ಕಿವಿಗೆ ಬೀಳಬೇಕು. ಹೊರಗಿನ ಸದ್ದನ್ನೇ ಅಳಿಸುವ ಇಯರ್‌ಫೋನ್ ಹಾಕಿಕೊಂಡು ಹಳಿಯ ಬಳಿ ನಡೆಯುವವರಿಗೆ ರೈಲಿನ ಹಾರನ್ನೂ ಇಲ್ಲ, ‘ಅರೇ, ಗಾಡಿ!’ ಎಂಬ ಕೂಗೂ ಇಲ್ಲ. ಕೂತು ಪ್ರಯಾಣ ಮಾಡುವಾಗ ಹಾಕಿಕೊಳ್ಳಿ, ಪ್ಲಾಟ್‌ಫಾರ್ಮಿನಲ್ಲಿ ತೆಗೆದಿಡಿ.

‘ಕೇಳಸ್ತದ, ತಿಳಿಯಂಗಿಲ್ಲ’

ಈಗ ಹಿರಿಯರ ಪ್ರಶ್ನೆಗೆ ಬರೋಣ. ವಿಜಯಪುರದ ಕಡೆಯಿಂದ ಕಲ್ಯಾಣದಲ್ಲಿರುವ ಮಗನ ಮನೆಗೆ ಬಂದ ಅಜ್ಜಿಯೊಬ್ಬರು ನನ್ನೆದುರು ಕೂತು ಹೇಳಿದ ಮಾತು, ‘ಕೇಳಸ್ತದ, ತಿಳಿಯಂಗಿಲ್ಲ.’ ಇದಕ್ಕಿಂತ ನಿಖರವಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಸೋರಿಹೋಗುವುದು ತೀಕ್ಷ್ಣ ಸ್ವರಗಳು. ಸ, ಶ, ಚ ಮೊದಲಾದ ವ್ಯಂಜನಗಳ ಅಂಚು ಮಸುಕಾಗುತ್ತದೆ. ಸ್ವರಾಕ್ಷರಗಳ ಗಟ್ಟಿ ಸದ್ದು ಕೇಳುತ್ತಿರುವುದರಿಂದ ‘ಕಿವಿ ಕೇಳುತ್ತದೆ’ ಎನಿಸುತ್ತದೆ, ಮಾತು ಮಾತ್ರ ಕಟ್ಟಿಕೊಳ್ಳುವುದಿಲ್ಲ.

ಇದರ ಮೇಲೆ ಗದ್ದಲ. ಗದ್ದಲದಲ್ಲಿ ಒಬ್ಬರ ಮಾತನ್ನು ಆರಿಸಿಕೊಳ್ಳಲು ಮೆದುಳು ಎರಡೂ ಕಿವಿಯ ಲೆಕ್ಕ ನೋಡುತ್ತದೆ. ಒಂದು ಕಿವಿಗೂ ಇನ್ನೊಂದಕ್ಕೂ ಸದ್ದು ಮುಟ್ಟುವ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಅದು ದಿಕ್ಕು ಹಿಡಿಯುತ್ತದೆ. ಕಿವಿ ಮಂಕಾದಾಗ ಈ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ಟಿ.ವಿ. ಓಡುತ್ತಿದೆ, ಅಡುಗೆಮನೆಯಲ್ಲಿ ಮಿಕ್ಸರ್, ಕಿಟಕಿಯಾಚೆ ರಿಕ್ಷಾಗಳ ಸಾಲು. ಆಗ ಒಳಗಿನ ಕೋಣೆಯಿಂದ ಮೊಮ್ಮಗ ಹಿಂದಿಯಲ್ಲಿ ಏನೋ ಕೇಳುತ್ತಾನೆ. ಅಜ್ಜಿ ಸುಮ್ಮನಿರುತ್ತಾರೆ. ‘ಅಜ್ಜಿಗೆ ಕಿವುಡು’ ಎಂದೋ, ಇನ್ನೂ ಕೆಟ್ಟದಾಗಿ ‘ಅಜ್ಜಿಗೆ ಅರುಳುಮರುಳು’ ಎಂದೋ ತೀರ್ಪಾಗುತ್ತದೆ.

ಭಾಷೆಯ ಪಾಲು ಇಲ್ಲಿ ದೊಡ್ಡದು. ದೊಡ್ಡವರಾದ ಮೇಲೆ ಕಲಿತ ಭಾಷೆ ಶಾಂತ ಕೋಣೆಯಲ್ಲಿ ಚೆನ್ನಾಗಿ ತಿಳಿದರೂ ಗದ್ದಲದಲ್ಲಿ ಬೇಗ ಕೈಬಿಡುತ್ತದೆ ಎಂಬುದು 1990ರ ದಶಕದ ಸಂಶೋಧನೆಗಳಿಂದಲೇ ತಿಳಿದಿದೆ. ಕೇಳದ ಅಕ್ಷರವನ್ನು ಊಹೆಯಿಂದ ತುಂಬಿಕೊಳ್ಳಲು ಭಾಷೆ ಬಾಲ್ಯದಿಂದ ಮೈಗೂಡಿರಬೇಕು. ಆದ್ದರಿಂದ ಹಿರಿಯರ ಮಾತಿನ ಪರೀಕ್ಷೆ ಅವರ ಭಾಷೆಯಲ್ಲೇ ಆಗಬೇಕು. ಆಯಿಷ್‌ನಲ್ಲಿ ನಮಗೆ ಕನ್ನಡದ ಪದಪಟ್ಟಿ, ವಾಕ್ಯಪಟ್ಟಿಗಳಿಂದ ಪರೀಕ್ಷಿಸುವುದನ್ನು ಕಲಿಸಿದ್ದರು. ಆ ಅಜ್ಜಿ ಬೇರೊಂದು ಕಡೆ ಹಿಂದಿ ಪದಗಳಿಂದ ಪರೀಕ್ಷೆಯಾಗಿ, ‘ಮಾತು ಗ್ರಹಿಸುವ ಶಕ್ತಿ ತೀರ ಕಡಿಮೆ’ ಎಂಬ ವರದಿ ಹಿಡಿದು ಬಂದಿದ್ದರು. ಕನ್ನಡದ ಪದ ಕೊಟ್ಟಾಗ ಶಾಂತ ಕೋಣೆಯಲ್ಲಿ ಹೆಚ್ಚಿನವನ್ನು ಸರಿಯಾಗಿ ತಿರುಗಿ ಹೇಳಿದರು, ಗದ್ದಲ ಸೇರಿಸಿದಾಗ ಎಡವಿದರು. ಕಿವಿಯಲ್ಲಿ ನಷ್ಟವಿದ್ದದ್ದು ನಿಜ, ಶ್ರವಣಯಂತ್ರವೂ ಬೇಕಾಯಿತು. ಆದರೆ ಬುದ್ಧಿಗೆ ಮಂಕು ಕವಿದಿರಲಿಲ್ಲ.

ನೀವು ಥಾಣೆಯಲ್ಲಿರಿ, ಪುಣೆಯಲ್ಲಿರಿ, ದುಬೈಯಲ್ಲಿರಿ, ಅಪ್ಪ ಅಮ್ಮನ ಕಿವಿ ಪರೀಕ್ಷೆಗೆ ಹೋದಾಗ ಯಾವ ಭಾಷೆಯ ಪದಗಳಲ್ಲಿ ಪರೀಕ್ಷೆ ಎಂದು ಕೇಳಿ. ಕನ್ನಡ ಬಲ್ಲವರು ಅಲ್ಲಿಲ್ಲದಿದ್ದರೆ ಊರಿಗೆ ಹೋದಾಗ ಮಾಡಿಸಿ. ಮನೆಯಲ್ಲಿ ಅವರೊಡನೆ ಮಾತಾಡುವಾಗ ಮೊದಲು ಕರೆಯಿರಿ, ‘ಅವ್ವಾ’, ‘ಅಪ್ಪಾ’ ಅನ್ನಿ. ಅವರು ತಿರುಗಿ ನೋಡುವವರೆಗೆ ಕಾಯಿರಿ. ಆಮೇಲೆ ವಿಷಯ ಹೇಳಿ. ಕರೆ ಹೊಸ್ತಿಲು ತಗ್ಗಿದ ಮಾತು, ಗದ್ದಲವನ್ನೂ ದಾಟುತ್ತದೆ, ಗಮನವನ್ನು ಎಳೆದು ತರುತ್ತದೆ. ಅದರ ಹಿಂದೆ ಬಂದ ಮಾತಿಗೆ ಆಗ ಜಾಗ ಸಿಗುತ್ತದೆ. ಪರಿಚಿತ ದನಿಗೂ ಇಂಥದೇ ಶಕ್ತಿಯಿದೆ. ದೀರ್ಘಕಾಲ ದಾಂಪತ್ಯ ನಡೆಸಿದವರಿಗೆ ಗದ್ದಲದಲ್ಲಿ ಅಪರಿಚಿತರ ಮಾತಿಗಿಂತ ಸಂಗಾತಿಯ ಮಾತು ಚೆನ್ನಾಗಿ ತಿಳಿಯುತ್ತದೆ ಎಂದು ಕೆನಡಾದ ಇಂಗ್ರಿಡ್ ಜಾನ್ಸ್‌ರೂಡ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದಾರೆ. ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಮನೆಯಲ್ಲಿ ಓದಿ ಹೇಳುವಾಗ ಹುಷಾರು: ಬೇರೊಬ್ಬರ ಮಾತು ಕೇಳಬೇಕಾದಾಗ, ಸಂಗಾತಿಯ ದನಿಯನ್ನು ಬದಿಗೆ ಸರಿಸುವುದೂ ನಡುವಯಸ್ಸಿನವರಿಗೆ ಅಷ್ಟೇ ಸುಲಭವಂತೆ!

ಮಕ್ಕಳ ಕಿವಿ, ಮಕ್ಕಳ ನಾಲಿಗೆ

ಕೊನೆಯದು, ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ನವಿ ಮುಂಬಯಿಯ ಐರೋಲಿ, ವಾಶಿ, ನೆರೂಲ್ ಕಡೆಯ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಕನ್ನಡ ಮಾತಾಡಿಕೊಳ್ಳುತ್ತಾರೆ. ಟಿ.ವಿ.ಯಲ್ಲಿ ಕನ್ನಡ ಧಾರಾವಾಹಿ. ಮಗುವಿನತ್ತ ತಿರುಗಿದಾಗ ಮಾತ್ರ ಇಂಗ್ಲಿಷ್ ಅಥವಾ ಹಿಂದಿ. ‘ಕನ್ನಡ ಕಿವಿಗೆ ಬೀಳ್ತಾನೇ ಇರುತ್ತಲ್ಲ, ತಾನಾಗಿ ಬರುತ್ತೆ’ ಎಂಬ ನಂಬಿಕೆ.

ಬರುವುದು ಎಷ್ಟು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೆರ್ರಿ ಔ ಮತ್ತು ಜೊತೆಗಾರರು 2002ರಲ್ಲಿ ಇದನ್ನೇ ನೋಡಿದರು. ಬಾಲ್ಯದಲ್ಲಿ ಮನೆಮಂದಿಯ ಸ್ಪ್ಯಾನಿಷ್ ಕಿವಿಗೆ ಬಿದ್ದಿದ್ದರೂ ಆಡದೆ ಬೆಳೆದವರು ಕಾಲೇಜಿನಲ್ಲಿ ಆ ಭ಼ಾಷೆ ಕಲಿಯಲು ಕೂತಿದ್ದರು. ಹೊಸದಾಗಿ ಕಲಿಯುವವರಿಗೆ ಹೋಲಿಸಿದರೆ ಇವರ ಉಚ್ಚಾರಣೆ ಸ್ಪ್ಯಾನಿಷ್ ಮಾತೃಭಾಷಿಕರಿಗೆ ಹತ್ತಿರವಿತ್ತು. ವ್ಯಾಕರಣದಲ್ಲಿ ಮಾತ್ರ ಇಬ್ಬರೂ ಒಂದೇ. ಕಿವಿಗೆ ಬಿದ್ದ ಭಾಷೆ ನಾಲಿಗೆಗೆ ಸದ್ದನ್ನು ಕೊಟ್ಟಿತ್ತು, ವಾಕ್ಯವನ್ನು ಕೊಟ್ಟಿರಲಿಲ್ಲ.

ಇಲ್ಲಿನ ಮಕ್ಕಳಲ್ಲಿ ನಾನು ಕಾಣುವುದೂ ಹೆಚ್ಚುಕಡಿಮೆ ಇದನ್ನೇ. ಹಿಂದಿ, ಮರಾಠಿಯಲ್ಲಿ ಹ್ರಸ್ವ ಎ, ಒ ಬೇರೆಯಾಗಿಲ್ಲ. ಆದರೂ ಕನ್ನಡ ಕಿವಿಗೆ ಬಿದ್ದ ಮಗು ‘ಕೊಡು’ ಎಂಬುದನ್ನೂ ‘ಕೋಡು’ ಎಂಬುದನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಅದೇ ಮಗು ಮುಂದಿನ ಉಸಿರಿಗೆ ‘ಬಸ್ಸು ಬಂದಳು, ಟ್ರಕ್ಕು ಹೋದನು’ ಎನ್ನುತ್ತದೆ. ಮರಾಠಿಯಲ್ಲಿ ಬಸ್ಸು ಹೆಣ್ಣು, ಟ್ರಕ್ಕು ಗಂಡು. ಸದ್ದು ನಮ್ಮದು, ಕಟ್ಟಡ ಓಣಿಯದು.

ಎಳೆಯ ಮಕ್ಕಳ ವಿಷಯದಲ್ಲಿ ಪುರಾವೆ ಇನ್ನೂ ಸ್ಪಷ್ಟ. ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಮ್ಯಾಂಡರಿನ್ ಮಾತಾಡುವವರು ಎದುರು ಕೂತು ಆಡಿಸುತ್ತ, ಪುಸ್ತಕ ತೋರಿಸುತ್ತ ಮಾತಾಡಿದ ಶಿಶುಗಳು ಹನ್ನೆರಡು ಭೇಟಿಗಳಲ್ಲಿ ಆ ಭಾಷೆಯ ಸದ್ದುಗಳ ಭೇದ ಹಿಡಿದವು. ಅದೇ ಜನ, ಅದೇ ಮಾತು ಟಿ.ವಿ.ಯಲ್ಲಿ ಬಂದಾಗ ಏನನ್ನೂ ಕಲಿಯಲಿಲ್ಲ. ಇದು 2003ರ ಮಾತು. 2013ರಲ್ಲಿ ಆಡ್ರಿಯಾನಾ ವೈಸ್‌ಲೆಡರ್ ಮತ್ತು ಆ್ಯನ್ ಫರ್ನಾಲ್ಡ್, ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಮನೆಗಳಲ್ಲಿ ಇಡೀ ದಿನದ ಮಾತನ್ನು ಧ್ವನಿಮುದ್ರಿಸಿದರು. ಮಗುವಿನ ಪದಸಂಪತ್ತು ಬೆಳೆದದ್ದು ಮಗುವಿಗೇ ಹೇಳಿದ ಮಾತಿಗೆ ತಕ್ಕಂತೆ. ಪಕ್ಕದಲ್ಲಿ ಕೇಳಿಸಿದ ದೊಡ್ಡವರ ಮಾತಿಗೂ ಅದಕ್ಕೂ ನಂಟು ಕಾಣಲಿಲ್ಲ.

ಮೊರೆಯವರ 35ರ ಲೆಕ್ಕವನ್ನು ಇಲ್ಲಿ ಇಟ್ಟು ನೋಡಿ. ಗಮನವಿಲ್ಲದ ಕಿವಿ ಮೊದಲೇ ತನ್ನದಾದ ಮಾತನ್ನು ಗುರುತಿಸುತ್ತದೆ. ಹೊಸ ಮಾತನ್ನು, ಅದರ ಅರ್ಥವನ್ನು ಕಲಿಯುವುದರಲ್ಲಿ ಅದು ತೀರ ದಡ್ಡ. ಮಕ್ಕಳು ದೊಡ್ಡವರ ಮಾತು ಕದ್ದು ಕೇಳಿ ಪದ ಕಲಿಯುವುದುಂಟು, ಬೇಡದ ಪದಗಳನ್ನಂತೂ ಬೇಗ ಕಲಿಯುತ್ತಾರೆ. ಆದರೆ ಆಗ ಆ ಮಗು ಆಟ ಬಿಟ್ಟು ಕಿವಿ ನಿಮಿರಿಸಿ ಕೂತಿರುತ್ತದೆ. ಅದು ಕಿವಿಗೆ ಬಿದ್ದ ಮಾತಲ್ಲ, ಕಿವಿಗೆ ಹಾಕಿಕೊಂಡ ಮಾತು. ನಮಗೆ ಜನಸಂದಣಿಯಲ್ಲಿ ಕನ್ನಡ ತಟ್ಟುತ್ತದೆ ಎಂದಾದರೆ, ಯಾರೋ ನಮ್ಮ ಮುಖ ನೋಡಿ ಅದನ್ನು ಸಾವಿರಾರು ಸಲ ಆಡಿದ್ದರು ಎಂಬುದೇ ಕಾರಣ.

ಮನೆಭಾಷೆ ತುಳುವಾಗಿದ್ದರೂ ಕೊಂಕಣಿಯಾಗಿದ್ದರೂ ಮಾತು ಇದೇ. ಮಗು ತಡವಾಗಿ ಮಾತಾಡುತ್ತಿದ್ದರೆ ‘ಎರಡು ಮೂರು ಭಾಷೆಯಿಂದ ಗೊಂದಲ, ಮನೆಭಾಷೆ ಬಿಡಿ, ಇಂಗ್ಲಿಷ್ ಒಂದೇ ಆಡಿ’ ಎಂದು ಸಲಹೆ ಕೊಡುವವರು ಈ ಕಡೆ ಬಹಳ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವ ರೋಗ ಬರುವುದಿಲ್ಲ. ಅಂಥ ಮಗುವಿಗೆ ಮೊದಲು ಮಾಡಿಸಬೇಕಾದದ್ದು ಕಿವಿಯ ಪರೀಕ್ಷೆ. ಕಿವಿ ಸರಿಯಿದ್ದೂ ತಡವಾಗಿದ್ದರೆ ವಾಕ್ ತಜ್ಞರನ್ನು ನೋಡಿ. ತಂದೆತಾಯಿ ತಮಗೆ ಸಲೀಸಾದ ಭಾಷೆ ಬಿಟ್ಟು ತಡವರಿಸುವ ಭಾಷೆಯಲ್ಲಿ ಮಾತಾಡಿದರೆ, ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸುತ್ತದೆ. ಮುಂಬಯಿಯ ಸುತ್ತಮುತ್ತ ಸಂಘ ಸಂಸ್ಥೆಗಳು ನಾಟಕ, ಯಕ್ಷಗಾನ, ರಾಜ್ಯೋತ್ಸವ ಮಾಡುತ್ತವೆ. ಅವುಗಳ ಪಾಡಿಗೆ ಅವು ನಡೆಯಲಿ. ಆದರೆ ಮೂರು ವರ್ಷದ ಮಗುವಿನ ಮುಖ ನೋಡಿ ಕನ್ನಡದಲ್ಲಿ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವ ಕೆಲಸವನ್ನು ಯಾವ ಸಂಘವೂ ನಮ್ಮ ಪರವಾಗಿ ಮಾಡಿಕೊಡಲಾರದು.

ಪರೀಕ್ಷೆ ಮುಗಿದು ಮಗುವಿನ ಕಿವಿ ಸರಿಯಿದೆ ಎಂದು ಗೊತ್ತಾದ ಮೇಲೆ ನಾನು ತಂದೆತಾಯಿಗೆ ಒಂದು ಚೀಟಿ ಬರೆದುಕೊಡುತ್ತೇನೆ, ಕನ್ನಡದಲ್ಲೇ. ದಿನಕ್ಕೆ ಇಪ್ಪತ್ತು ನಿಮಿಷ ಟಿ.ವಿ. ಆರಿಸಿ, ಫೋನ್ ಬೇರೆ ಕೋಣೆಯಲ್ಲಿಡಿ. ಮಗುವಿನ ಹೆಸರು ಕರೆದು, ತಿರುಗಿ ನೋಡಿದ ಮೇಲೆ ಮಾತು ಶುರುಮಾಡಿ. ‘ಹೌದು’, ‘ಇಲ್ಲ’ ಎಂದು ಮುಗಿಯದ ಪ್ರಶ್ನೆ ಕೇಳಿ. ಮರಾಠಿಯಲ್ಲಿ ಉತ್ತರ ಬಂದರೆ ಬಯ್ಯಬೇಡಿ, ಅದನ್ನೇ ಕನ್ನಡದಲ್ಲಿ ಹೇಳಿ ಮುಂದುವರಿಸಿ. ಭಾನುವಾರ ಊರಿನ ಅಜ್ಜಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಮಗುವಿನ ಕೈಗೆ ಕೊಟ್ಟು ನೀವು ಅಡುಗೆಮನೆಗೆ ಹೋಗಿ. ಬಸ್ಸು ಬಂದಳು ಎಂದರೆ ಅಜ್ಜಿ ನಕ್ಕು ತಿದ್ದುತ್ತಾರೆ.